ನೆರೆ ಇಳೀತು, ಭೂಮಿ ನಡುಗೋದು ನಿಂತ್ತು, ಇನ್ನು ಊಟಕ್ಕೇನು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಪ್ರಕೃತಿ ವಿಕೋಪ ಆದಾಗಿನ ಊಟದ ಸಮಸ್ಯೆ ಬಗ್ಗೆ ಪ್ರಶ್ನೆ ಕಳ್ಸಿ ಅಂತ ಕೇಳಿದ್ವಿ, ಪತ್ರ ತುಂಬಾ ಬಂದಿದಾವೆ. ಒಂದೇ ಥರದವನ್ನ ಸೇರ್ಸಿ ಒಂದು ಮಾಡಿದೀನಿ. ಕೆಲವಕ್ಕೆ ಉತ್ತರ ಉದ್ದ ಆಗಿದೆ, ಕೆಲವಕ್ಕೆ ನಾಲ್ಕೇ ಸಾಲು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ಗೋಡೌನ್ ತುಂಬಾ ಧಾನ್ಯ ಇರತ್ತೆ, ಏನಾದ್ರೂ ಆದ ತಕ್ಷಣ ಲಾರಿ ಹಿಂದೆ ಲಾರಿ ಹೋಗತ್ತೆ, ಟಿವೀಲೂ ತೋರಿಸ್ತಾರೆ. ಆದ್ರೂ ಜನ ಹಸ್ಕೊಂಡಿದಾರೆ ಅಂತ ಸುದ್ದಿ ಬರತ್ತೆ. ಇದು ಹೇಗೆ? ಮಧ್ಯದಲ್ಲಿ ಯಾರಾದ್ರೂ ನುಂಗಿ ಹಾಕ್ತಾರಾ? (ಕಾಲೇಜು ವಿದ್ಯಾರ್ಥಿ)

ಉತ್ತರ: ನುಂಗೋರು ಇರ್ತಾರೆ, ಇಲ್ಲ ಅನ್ನಲ್ಲ. ಆದ್ರೆ ದೊಡ್ಡ ಕಾರಣ ಬೇರೇನೇ ಇದೆ. ಮಾಮೂಲಿ ದಿನದಲ್ಲಿ ನಮ್ಮನೆಗೆ ಊಟ ಹೇಗೆ ಬರತ್ತೆ ಅಂತ ಸ್ವಲ್ಪ ಯೋಚ್ನೆ ಮಾಡಿ. ಕೂಲಿ ಸಿಗ್ಬೇಕು, ಅಂಗಡಿ ತೆಗ್ದಿರ್ಬೇಕು, ಅಂಗಡಿಗೆ ಮಾಲು ಬರೋ ರಸ್ತೆ ಇರ್ಬೇಕು, ತಂದಿದ್ದನ್ನ ಬೇಯ್ಸೋಕೆ ಒಲೆ, ಪಾತ್ರೆ, ಸೌದೆನೋ ಗ್ಯಾಸೋ, ಒಳ್ಳೇ ನೀರು, ಅಡುಗೆ ಮಾಡೋರಿಗೆ ಮೈಯಲ್ಲಿ ಶಕ್ತಿ, ಇಷ್ಟೂ ಬೇಕು. ಪ್ರವಾಹನೋ ಭೂಕಂಪನೋ ಬಂದಾಗ ಇವುಗಳಲ್ಲಿ ಯಾವುದೋ ಒಂದೆರಡು ತುಂಡಾಗತ್ತೆ, ಒಬ್ಬೊಬ್ಬರ ಮನೇಲಿ ಒಂದೊಂದು. ಲಾರೀಲಿ ಬರೋ ಮೂಟೆ ಒಂದೇ ಒಂದು ಕೊರತೆಯನ್ನ ತುಂಬತ್ತೆ, ಪಾತ್ರೆ ಕೊಚ್ಚಿಹೋದೋರಿಗೆ ಹಸಿ ಅಕ್ಕಿ ಕೊಟ್ರೆ ಏನು ಮಾಡ್ತಾರೆ ಹೇಳಿ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದ್ರು. 1943ರ ಬಂಗಾಳದ ಕ್ಷಾಮದಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಸತ್ರು, ಅದಕ್ಕೆ ಮುಂಚೆ 1942ರ ಅಕ್ಟೋಬರ್‌ನಲ್ಲಿ ಮಿಡ್ನಾಪುರದ ಕಡೆ ಭಾರೀ ಚಂಡಮಾರುತ ಬಂದಿತ್ತು, ಯುದ್ಧ ಬೇರೆ ನಡೀತಿತ್ತು. ಆದ್ರೆ ಸೇನ್ ಲೆಕ್ಕದ ಪ್ರಕಾರ 1943ರಲ್ಲಿ ಇದ್ದ ಆಹಾರ 1941ಕ್ಕಿಂತ ಕಡಿಮೆ ಏನಿರ್ಲಿಲ್ಲ. ಅಕ್ಕಿ ಬೆಲೆ ಕೈಗೆಟುಕದಂಗೆ ಏರಿತು, ಹೊಲದ ಕೂಲಿಯವರು, ಮೀನುಗಾರರು ಇಂಥೋರ ದುಡಿಮೆ ಅಲ್ಲೇ ನಿಂತ್ತು, ಅವರೇ ಹೆಚ್ಚು ಸತ್ತಿದ್ದು. ಅವರ ಲೆಕ್ಕದ ಬಗ್ಗೆ ಚರ್ಚೆ ಇವತ್ತಿಗೂ ನಡೀತಿದೆ, ಆದ್ರೆ ಮೂಲ ಮಾತನ್ನ ಪರಿಹಾರ ಕೆಲಸ ಮಾಡೋರು ಈಗ ಯಾರೂ ಬಿಡಲ್ಲ. ಹಾಗಾಗಿ "ಎಷ್ಟು ಟನ್ ಕಳ್ಸಿದ್ವಿ" ಅನ್ನೋ ಸುದ್ದಿ ಓದಿದಾಗ ನೀವು ಕೇಳ್ಬೇಕಾದ ಪ್ರಶ್ನೆ: ಅಲ್ಲಿರೋರು ನಿಜವಾಗ್ಲೂ ಕಳ್ಕೊಂಡಿರೋದು ಏನು? ಈ ಅಂಕಣದಲ್ಲಿ ನಾನು ಮತ್ತೆ ಮತ್ತೆ ಇದನ್ನೇ ಕೇಳ್ತೀನಿ.

ಪ್ರಶ್ನೆ: ನಮ್ಮ ಬಡಾವಣೆ ಹುಡುಗರೆಲ್ಲಾ ಸೇರಿ ಪ್ರವಾಹ ಸಂತ್ರಸ್ತರಿಗೆ ಸಾಮಾನು ಕಳಿಸೋಣ ಅಂತಿದೀವಿ. ಬಿಸ್ಕತ್ತು, ನೂಡಲ್ಸು, ಹಳೇ ಬಟ್ಟೆ, ಮಕ್ಕಳಿಗೆ ಅಂತ ಹಾಲಿನ ಪುಡಿ, ಫೀಡಿಂಗ್ ಬಾಟ್ಲಿ ಎಲ್ಲಾ ಸೇರಿಸ್ತಿದೀವಿ. ಬೇರೆ ಏನಾದ್ರೂ ಬೇಕಾ? (ಯುವಕ ಸಂಘದ ಕಾರ್ಯದರ್ಶಿ)

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಅದಕ್ಕೇ ನೇರವಾಗಿ ಹೇಳ್ತೀನಿ. ಹಾಲಿನ ಪುಡಿ, ಫೀಡಿಂಗ್ ಬಾಟ್ಲಿ ಇವತ್ತೇ ಆ ರಾಶಿಯಿಂದ ತೆಗ್ದಿಡಿ.

2006ರ ಮೇ ತಿಂಗಳಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಭೂಕಂಪ ಆಯ್ತು. ಜನ ಪಾಪ ಒಳ್ಳೇದಾಗ್ಲಿ ಅಂತಾನೇ ಶಿಶು ಹಾಲಿನ ಪುಡಿಯ ಡಬ್ಬಗಳನ್ನ ರಾಶಿ ರಾಶಿ ಕಳ್ಸಿದ್ರು, ಯಾರಿಗೆ ಬೇಕು ಯಾರಿಗೆ ಬೇಡ ಅಂತ ನೋಡ್ದೆ ಹಂಚಿದ್ರು. ಆಮೇಲೆ ಸಂಶೋಧಕರು ಹೋಗಿ ನೋಡಿದಾಗ ಆ ಪುಡಿ ಸಿಕ್ಕಿದ ಮಕ್ಕಳಲ್ಲಿ ವಾರದೊಳಗೆ ಭೇದಿ ಆದೋರು ಸುಮಾರು ಶೇಕಡಾ 25, ಸಿಗದೇ ಇದ್ದ ಮಕ್ಕಳಲ್ಲಿ 12ರ ಹತ್ರ. ಎರಡರಷ್ಟು! ಕಾರಣ ಕಷ್ಟದ್ದೇನಲ್ಲ, ಪುಡಿಗೆ ಬೆರೆಸೋ ನೀರು ಕೊಳಕು, ಬಾಟ್ಲಿ ಕುದಿಸೋಕೆ ಇಂಧನ ಇಲ್ಲ, ನಿಪ್ಪಲ್ ತೊಳೆಯೋಕೆ ಜಾಗ ಇಲ್ಲ. ಅದರ ಮೇಲೆ ಎದೆಹಾಲು ಕುಡೀತಿದ್ದ ಮಗು ಬಾಟ್ಲಿಗೆ ಹೋದ್ರೆ ತಾಯಿಗೆ ಹಾಲು ಕಡಿಮೆ ಆಗ್ತಾ ಬರತ್ತೆ, ಪುಡಿ ಖಾಲಿ ಆದ ದಿನ ಎರಡೂ ಇಲ್ಲ. ತಾಯಿ ಇಲ್ಲದ ಮಕ್ಕಳಿಗೆ, ಮೊದಲಿಂದಾನೂ ಪುಡಿ ಹಾಲಲ್ಲೇ ಇದ್ದ ಮಕ್ಕಳಿಗೆ ಪುಡಿ ಬೇಕೇ ಬೇಕು, ಅದನ್ನ ಆರೋಗ್ಯ ಕಾರ್ಯಕರ್ತರು ಒಂದೊಂದೇ ಮಗುವನ್ನ ನೋಡಿ, ಶುದ್ಧ ನೀರು ಜೊತೆಗೆ, ಕಪ್ಪಲ್ಲಿ ಕುಡಿಸೋದನ್ನ ತೋರಿಸಿ ಕೊಡ್ತಾರೆ. ಲಾರಿ ಮೇಲಿಂದ ಎಸೆಯೋ ವಸ್ತು ಅದಲ್ಲ.

ಇನ್ನು ಬಟ್ಟೆ, ಬಿಸ್ಕತ್ತು. ಮೊದಲ ಎರಡು ಮೂರು ದಿನ ಬೇಯಿಸದೇ ತಿನ್ನೋಂಥದ್ದು ಖಂಡಿತ ಉಪಯೋಗಕ್ಕೆ ಬರತ್ತೆ, ಆದ್ರೆ ನೀವು ಸಂಗ್ರಹ ಮಾಡಿ, ಕಟ್ಟಿ, ಗಾಡಿ ಹೊಂದ್ಸಿ ಅಲ್ಲಿಗೆ ಹೋಗೋಷ್ಟರಲ್ಲಿ ಆ ಹಂತ ಮುಗಿದಿರತ್ತೆ. ಹಳೇ ಬಟ್ಟೆ ವಿಂಗಡಿಸೋಕೇ ಹತ್ತು ಜನ ಬೇಕು, ಆ ಹತ್ತು ಜನ ಅಡುಗೆ ಮನೇಲಿ ಇದ್ದಿದ್ರೆ ಎಷ್ಟೋ ಜನಕ್ಕೆ ಬಡಿಸ್ಬೋದಿತ್ತು. ಹತ್ರದ ಪಟ್ಟಣದಲ್ಲಿ ಅಂಗಡಿ ತೆಗ್ದಿದ್ದು, ಅಲ್ಲಿಗೆ ಮಾಲು ಬರ್ತಾ ಇದ್ರೆ ದುಡ್ಡು ಕಳ್ಸಿ, ಅಷ್ಟೇ. ದುಡ್ಡು ಲಾರಿಗಿಂತ ಬೇಗ ಹೋಗತ್ತೆ. ಒಬ್ಬರಿಗೆ ಧಾನ್ಯ ಬೇಕಿರತ್ತೆ, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ ಮಾತ್ರೆ, ಮತ್ತೊಬ್ಬರಿಗೆ ಸ್ಟೌವ್, ಅವರವರಿಗೆ ಬೇಕಾದ್ದನ್ನ ಅವರೇ ತಗೋತಾರೆ, ಅಲ್ಲಿನ ಅಂಗಡಿಯವರೂ ಉಸಿರಾಡ್ತಾರೆ. ಅವರ ಅಂಗಡೀನೂ ಮುಳುಗಿತ್ತು ಅನ್ನೋದನ್ನ ನಾವು ಮರ್ತೇಬಿಡ್ತೀವಿ.

"ದುಡ್ಡು ಕೊಟ್ರೆ ಕುಡಿದು ಹಾಳ್ಮಾಡ್ತಾರೆ" ಅಂತ ನಿಮ್ಮ ಸಂಘದಲ್ಲೂ ಯಾರಾದ್ರೂ ಅಂದೇ ಅನ್ತಾರೆ, ಇನ್ನಿಬ್ಬರು ಓದುಗರೂ ಹಾಗೇ ಬರ್ದಿದಾರೆ. ವಿಶ್ವ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2014ರಲ್ಲಿ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ನಗದು ಸಿಕ್ಕ ಮನೆಗಳಲ್ಲಿ ಮದ್ಯ, ತಂಬಾಕಿನ ಖರ್ಚು ಜಾಸ್ತಿ ಆಗಿಲ್ಲ. ಮನೆ ಕಳ್ಕೊಂಡ ತಾಯಿಗೆ ಯಾವುದಕ್ಕೆ ಖರ್ಚು ಮಾಡ್ಬೇಕು ಅಂತ ನಾವು ದೂರ ಕೂತು ಹೇಳ್ಕೊಡೋದು ಸರಿ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆದ್ರೆ ರಸ್ತೆ ಕಿತ್ತುಹೋಗಿ ಅಂಗಡೀಲಿ ಏನೂ ಇಲ್ಲ ಅಂದಾಗ ದುಡ್ಡು ಬರೀ ಕಾಗದ, ಆಗ ಸಾಮಾನೇ ಹೋಗ್ಬೇಕು. ಅಲ್ಲಿರೋ ಒಬ್ಬರಿಗೆ ಫೋನ್ ಮಾಡಿ "ಅಂಗಡಿ ತೆಗ್ದಿದಾವಾ, ಹೋದ ವಾರಕ್ಕೂ ಈ ವಾರಕ್ಕೂ ರೇಟು ಎಷ್ಟು ಏರಿದೆ" ಅಂತ ಕೇಳಿದ್ರೆ ಅರ್ಧ ಉತ್ತರ ಅಲ್ಲೇ ಸಿಗತ್ತೆ.

ಪ್ರಶ್ನೆ: ಗಾಬರಿ ಆದ್ರೆ ಎದೆಹಾಲು ಬತ್ತಿಹೋಗತ್ತೆ ಅಂತಾರಲ್ಲ, ನಿಜಾನಾ? (ಎಂಟು ತಿಂಗಳ ಮಗುವಿನ ತಾಯಿ)

ಉತ್ತರ: ಬತ್ತಲ್ಲ ಅಮ್ಮಾ. ಭಯ, ಸುಸ್ತು ಜಾಸ್ತಿ ಇದ್ದಾಗ ಹಾಲು ಇಳಿದು ಬರೋದು ಸ್ವಲ್ಪ ತಡ ಆಗ್ಬೋದು, ಉತ್ಪತ್ತಿ ನಿಲ್ಲಲ್ಲ. ಮಗೂನ ಮೈಗೆ ಅಂಟಿಸ್ಕೊಂಡು ಮತ್ತೆ ಮತ್ತೆ ಕುಡಿಸ್ತಾ ಇದ್ರೆ ಸರಿಹೋಗತ್ತೆ, ಕೆಲವು ದಿನ ಬಿಟ್ಟುಹೋಗಿದ್ರೂ ಸಹಾಯ ಸಿಕ್ರೆ ಬಹಳ ಜನಕ್ಕೆ ಮತ್ತೆ ಶುರು ಆಗತ್ತೆ. ಶಿಬಿರದಲ್ಲಿ ತಾಯಂದಿರಿಗೆ ಪರದೆ ಕಟ್ಟಿದ ಒಂದು ಮೂಲೆ, ಕುಡಿಯೋಕೆ ನೀರು, ಒಂದು ಹೊತ್ತಿನ ಹೆಚ್ಚಿನ ಊಟ ಇಷ್ಟು ಮಾಡ್ಕೊಟ್ರೆ ಹಾಲಿನ ಪುಡಿ ಡಬ್ಬಕ್ಕಿಂತ ದೊಡ್ಡ ಉಪಕಾರ. ಎಂಟು ತಿಂಗಳ ಮಗುಗೆ ಎದೆಹಾಲಿನ ಜೊತೆ ಮೆತ್ತಗೆ ಬೇಯಿಸಿದ ಊಟಾನೂ ಬೇಕು, ಅದನ್ನ ದೊಡ್ಡೋರ ಸಾಲಲ್ಲಿ ನಿಲ್ಲಿಸದೆ ಬೇರೆಯಾಗಿ ಕೇಳಿ ತಗೊಳ್ಳಿ.

ಪ್ರಶ್ನೆ: ಶಾಲೆ ಕಟ್ಟಡದಲ್ಲಿ 500 ಜನಕ್ಕೆ ಆಶ್ರಯ ಕೊಟ್ರೆ ಊಟದ ಲೆಕ್ಕ ಹೇಗೆ ಹಾಕೋದು? ಏನೇನು ತಪ್ಪಾಗತ್ತೆ? (ನಿವೃತ್ತ ಶಿಕ್ಷಕರು)

ಉತ್ತರ: ಸರ್, ಇಂಥ ಪ್ರಶ್ನೆ ನೋಡಿದ್ರೆ ಖುಷಿ ಆಗತ್ತೆ, ಮುಂಚೇನೇ ಯೋಚ್ನೆ ಮಾಡೋರು ಕಡಿಮೆ. ಜಗತ್ತಿನಾದ್ಯಂತ ಪರಿಹಾರ ಸಂಸ್ಥೆಗಳು ಒಪ್ಕೊಂಡಿರೋ ಸ್ಫಿಯರ್ ಮಾನದಂಡ ಅಂತಿದೆ, 1997ರಲ್ಲಿ ಶುರು ಮಾಡಿದ್ದು. ಅದರ ಪ್ರಕಾರ ಯೋಜನೆಗೆ ತಲೆಗೆ ದಿನಕ್ಕೆ 2100 ಕಿಲೋ ಕ್ಯಾಲರಿ, ಅದರಲ್ಲಿ ಶೇಕಡಾ 10ರಿಂದ 12 ಪ್ರೋಟೀನಿಂದ, 17 ಕೊಬ್ಬಿನಿಂದ ಬರ್ಬೇಕು. ಸಾಮಾನಿನ ಲೆಕ್ಕಕ್ಕೆ ಇಳಿಸಿದ್ರೆ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ಸಾಮಾನ್ಯವಾಗಿ ಕೊಡೋ ಪಡಿ ಹೀಗಿರತ್ತೆ: ಒಬ್ಬರಿಗೆ ದಿನಕ್ಕೆ ಧಾನ್ಯ 400 ಗ್ರಾಂ, ಬೇಳೆಕಾಳು 60, ಎಣ್ಣೆ 25, ಪೌಷ್ಟಿಕಾಂಶ ಸೇರಿಸಿದ ಹಿಟ್ಟು 50, ಸಕ್ಕರೆ 15, ಅಯೋಡಿನ್ ಉಪ್ಪು 5. ನಿಮ್ಮ 500 ಜನಕ್ಕೆ ಗುಣಿಸಿ, ದಿನಕ್ಕೆ 200 ಕೆಜಿ ಧಾನ್ಯ, 30 ಕೆಜಿ ಬೇಳೆಕಾಳು, ಹನ್ನೆರಡೂವರೆ ಕೆಜಿ ಎಣ್ಣೆ, ಎರಡೂವರೆ ಕೆಜಿ ಉಪ್ಪು. ನೀರು ಕುಡಿಯೋಕೆ, ಅಡುಗೆಗೆ, ತೊಳೆಯೋಕೆ ಎಲ್ಲಾ ಸೇರಿ ತಲೆಗೆ 15 ಲೀಟರ್, ಅಂದ್ರೆ ದಿನಕ್ಕೆ 7500 ಲೀಟರ್. ಧಾನ್ಯ ಹೇಗಾದ್ರೂ ಹೊಂದ್ಸಿಬಿಡ್ತಾರೆ ಸರ್, ನೀರು, ಉರುವಲು ಮರ್ತಿರ್ತಾರೆ.

ತಪ್ಪುಗಳಿಗೆ ಬಂದ್ರೆ, ಮೊದಲ್ನೇದು ದಿನಾ ಒಂದೇ ಊಟ. ಒಂದು ವಾರ ಪರವಾಗಿಲ್ಲ, ತಿಂಗಳುಗಟ್ಲೆ ಆದ್ರೆ ಕಾಯಿಲೆ. ಮಲಾವಿ ದೇಶದಲ್ಲಿ ಇದ್ದ ಮೊಜಾಂಬಿಕ್ ನಿರಾಶ್ರಿತರು ಯುದ್ಧದಿಂದ ಓಡಿಬಂದೋರು, ವಿಕೋಪದಿಂದ ಅಲ್ಲ, ಆದ್ರೆ ಪಾಠ ಒಂದೇ. ಅವರ ಪಡೀಲಿ ಮೆಕ್ಕೆಜೋಳ ಇತ್ತು, ಜೊತೆಗೆ ಕಡಲೆಕಾಯಿ ಇತ್ತು. 1989-90ರಲ್ಲಿ ಕಡಲೆಕಾಯಿ ಪೂರೈಕೆ ನಿಂತ್ತು, ಅಷ್ಟೇ, ಸಾವಿರಾರು ಜನಕ್ಕೆ ಪೆಲಾಗ್ರಾ ಬಂತು, ಚರ್ಮ ಸುಟ್ಟಂಗೆ ಆಗೋದು, ಭೇದಿ, ಬುದ್ಧಿ ಭ್ರಮಣೆ. ನಯಾಸಿನ್ ಅನ್ನೋ ಒಂದೇ ಒಂದು ವಿಟಮಿನ್ ಕೊರತೆ. ಹೊಟ್ಟೆ ತುಂಬಿತ್ತು, ಮೈ ಹಸಿದಿತ್ತು. ಹಾಗಾಗಿ ರಸ್ತೆ ತೆರೆದ ತಕ್ಷಣ ಸೊಪ್ಪು, ತರಕಾರಿ, ಹಣ್ಣು ಸೇರಿಸಿ, ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಈಗ್ಲೇ ಹಾಕಿ.

ಎರಡ್ನೇದು ಸಾಲು. ನೂಕುನುಗ್ಗಲಲ್ಲಿ ಗಟ್ಟಿ ಇರೋರಿಗೆ ಮೊದಲು ಸಿಗತ್ತೆ, ವಯಸ್ಸಾದೋರು, ಬಸುರಿಯರು, ನಡೆಯೋಕಾಗದೋರು ಹಿಂದೆ ಬೀಳ್ತಾರೆ. 2010ರ ಜನವರಿ 12ರ ಭೂಕಂಪ ಆದ್ಮೇಲೆ ಹೈಟಿಯ ರಾಜಧಾನೀಲಿ ಶುರೂನಲ್ಲಿ ಹೀಗೇ ಗಲಾಟೆ ಆಗಿತ್ತು, ಆಮೇಲೆ ವಿಶ್ವ ಆಹಾರ ಕಾರ್ಯಕ್ರಮ ಹೆಂಗಸರ ಕೈಗೆ ಮುಂಚಿನ ದಿನವೇ ಕೂಪನ್ ಕೊಟ್ಟು, ನಿಗದಿ ಮಾಡಿದ ಜಾಗಗಳಲ್ಲಿ ಅವರಿಗೆ ಮಾತ್ರ 25 ಕೆಜಿ ಅಕ್ಕಿ ಮೂಟೆ ಕೊಡೋಕೆ ಶುರು ಮಾಡ್ತು. ಹೆಂಗಸರ ಕೈಗೆ ಕೊಟ್ರೆ ಮನೆಮಂದಿಗೆಲ್ಲಾ ಸೇರತ್ತೆ ಅನ್ನೋ ಲೆಕ್ಕ. ಆದ್ರೆ ಇದರ ಇನ್ನೊಂದು ಮುಖಾನೂ ನೋಡಿ, 25 ಕೆಜಿ ಹೊತ್ಕೊಂಡು ಒಂಟಿ ಹೆಂಗಸು ಮನೆ ಸೇರೋವರೆಗೂ ಕಾವಲು ಬೇಕು. ಮೂಟೆ ಚಿಕ್ಕದು ಮಾಡಿ, ಹಂಚೋದು ಹಗಲಲ್ಲೇ ಮಾಡಿ, ಏಳೋಕಾಗದೋರ ಪಟ್ಟಿ ಮಾಡಿ ಅವರ ಜಾಗಕ್ಕೇ ಮುಟ್ಟಿಸಿ. ಮತ್ತೆ ಯಾರಿಗೆ ಎಷ್ಟು ಅಂತ ಬಾಗಿಲ ಪಕ್ಕ ದೊಡ್ಡದಾಗಿ ಬರ್ದು ಹಾಕಿ, ಗೊತ್ತಿದ್ರೆ ಜಗಳ ಅರ್ಧ ಕಡಿಮೆ.

ಅಡುಗೆಗೆ ಶಿಬಿರದಲ್ಲಿರೋರನ್ನೇ ಕರೀರಿ ಸರ್. ಸುಮ್ನೆ ಕೂತು ಬೇರೆಯೋರು ಬಡಿಸೋದನ್ನ ಕಾಯೋದು ಮನುಷ್ಯನನ್ನ ಒಳಗಿಂದ ಕುಗ್ಗಿಸಿಬಿಡತ್ತೆ.

ಪ್ರಶ್ನೆ: ಮೂರು ದಿನ ಕರೆಂಟ್ ಇರ್ಲಿಲ್ಲ, ಅಡುಗೆಮನೆಗೂ ನೀರು ನುಗ್ಗಿತ್ತು. ಫ್ರಿಜ್ಜಲ್ಲಿರೋದು, ಡಬ್ಬೀಲಿರೋದು ತಿನ್ಬೋದಾ? ಎಸೆಯೋಕೆ ಮನಸ್ಸು ಬರಲ್ಲ. (ಗೃಹಿಣಿ)

ಉತ್ತರ: ಮನಸ್ಸು ಬರ್ದಿದ್ರೂ ಎಸೀರಿ. ಬಾಗ್ಲು ತೆಗೀದೇ ಇದ್ರೆ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರತ್ತೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ರೆ 24. ಮೂರು ದಿನ ಅಂದ್ರೆ ಹಾಲು, ಮಾಂಸ, ಬೇಯಿಸಿಟ್ಟಿದ್ದು ಎಲ್ಲಾ ಹೋಯ್ತು. ವಾಸನೆ ನೋಡಿ, ರುಚಿ ನೋಡಿ ತೀರ್ಮಾನ ಮಾಡ್ಬೇಡಿ. ನೆರೆ ನೀರು ಅಂದ್ರೆ ಚರಂಡಿ, ಶೌಚದ ನೀರು, ಎಣ್ಣೆ, ಕೀಟನಾಶಕ ಎಲ್ಲಾ ಸೇರಿದ್ದು, ಅದು ತಾಗಿದ ಹಿಟ್ಟು, ಧಾನ್ಯ, ತರಕಾರಿ, ತಿರುಗಿಸೋ ಮುಚ್ಚಳದ ಬಾಟ್ಲಿಗಳು ಯಾವುದೂ ಬೇಡ. ಉಬ್ಬದೇ ಇರೋ, ತುಕ್ಕು ಹಿಡೀದ, ಜಜ್ಜದ ಸೀಲ್ ಮಾಡಿದ ತಗಡಿನ ಡಬ್ಬ ಮಾತ್ರ ಚೀಟಿ ಕಿತ್ತು, ಸೋಪಲ್ಲಿ ತೊಳ್ದು, ಬ್ಲೀಚ್ ನೀರಲ್ಲಿ ಅದ್ದಿ ಉಪಯೋಗಿಸ್ಬೋದು. ಕುಡಿಯೋ ನೀರನ್ನ ಕೊತಕೊತ ಒಂದು ನಿಮಿಷ ಕುದಿಸಿ, ತುಂಬಾ ಎತ್ತರದ ಬೆಟ್ಟದ ಮೇಲಿದ್ರೆ ಮೂರು ನಿಮಿಷ.

ಪ್ರಶ್ನೆ: ಹೊಲ ಪೂರಾ ಮುಳುಗಿತು. ಬಿತ್ತನೆಗಿಟ್ಟಿದ್ದ ಕಾಳು ಅರ್ಧ ನೆನೆದಿದೆ, ಇನ್ನರ್ಧ ಮನೆಯೋರು ತಿಂದು ಮುಗಿಸಿದೀವಿ. ದನ ಎರಡರಲ್ಲಿ ಒಂದು ಹೋಯ್ತು, ಉಳಿದಿದ್ದನ್ನ ಮಾರಿಬಿಡು ಅಂತಾರೆ. ಮುಂದೇನು ಮಾಡ್ಲಿ? (ರೈತ)

ಉತ್ತರ: ಅಣ್ಣಾ, ನಿಮ್ಮ ಪತ್ರವನ್ನ ಎರಡು ಸಲ ಓದಿದೆ. ಬೀಜದ ಕಾಳು ತಿಂದ್ವಿ ಅಂತ ತಪ್ಪು ಮಾಡ್ದೋರ ಥರ ಬರ್ದಿದೀರ, ಅದರಲ್ಲಿ ತಪ್ಪೇನಿಲ್ಲ, ಮಕ್ಕಳು ಹಸಿದಾಗ ಯಾರಾದ್ರೂ ಅದನ್ನೇ ಮಾಡ್ತಾರೆ. ಪರಿಹಾರದ ಊಟ ಸರಿಯಾದ ಟೈಮಿಗೆ ಬಂದಿದ್ರೆ ಬೀಜ ಉಳೀತಿತ್ತು. ಮೊದಲ ತಿಂಗಳ ಪಡಿ ಮುಂದಿನ ವರ್ಷದ ಬೆಳೆಯನ್ನೂ ಕಾಪಾಡತ್ತೆ ಅಂತ ಅಧಿಕಾರಿಗಳಿಗೆ ಅರ್ಥ ಆಗ್ಬೇಕು.

ನೆನೆದ ಕಾಳು ಹಾಳಾಗಿದೆ ಅಂತ ಈಗ್ಲೇ ತೀರ್ಮಾನ ಬೇಡ. ಬೂಸಲು ಬಂದಿದ್ದು, ಕಪ್ಪಾಗಿದ್ದು ತೆಗ್ದುಹಾಕಿ, ಅದನ್ನ ತಿನ್ನೋಕೂ ಬೇಡ, ದನಕ್ಕೂ ಬೇಡ, ಕೆಲವು ಬೂಸಲಲ್ಲಿ ಲಿವರ್‌ಗೆ ಕೆಟ್ಟ ವಿಷ ಇರತ್ತೆ. ಉಳಿದಿದ್ದನ್ನ ನೆರಳಲ್ಲಿ ತೆಳ್ಳಗೆ ಹರವಿ ಚೆನ್ನಾಗಿ ಒಣಗಿಸಿ. ಆಮೇಲೆ ಅದರಲ್ಲಿ ಆರಿಸ್ದೆ 100 ಕಾಳು ಎಣಿಸಿ, ಒದ್ದೆ ಬಟ್ಟೇಲಿ ಸಾಲಾಗಿ ಇಟ್ಟು ಸುತ್ತಿ, ಬಟ್ಟೆ ಒಣಗದಂಗೆ ನೋಡ್ಕೊಂಡು ಒಂದು ವಾರ ಬಿಡಿ. ಬಿಚ್ಚಿ ಎಷ್ಟು ಮೊಳೆತಿದಾವೆ ಎಣಿಸಿ. 80ರ ಮೇಲಿದ್ರೆ ಧೈರ್ಯವಾಗಿ ಬಿತ್ತಿ, 60ರ ಹತ್ರ ಇದ್ರೆ ಬಿತ್ತನೆ ದಟ್ಟ ಮಾಡ್ಬೇಕಾಗತ್ತೆ, ಅದಕ್ಕೂ ಕೆಳಗಿದ್ರೆ ಬೇರೆ ಬೀಜ ಹುಡುಕಿ. ಸುಮ್ನೆ ಬಿತ್ತಿ ಒಂದು ಹಂಗಾಮು ಕಳ್ಕೊಳ್ಳೋದಕ್ಕಿಂತ ಈ ಒಂದು ವಾರ ಕಾಯೋದು ಮೇಲು.

ಬೀಜದ ವಿಷಯದಲ್ಲಿ ಟೈಮೇ ಎಲ್ಲಾ. ನೇಪಾಳದಲ್ಲಿ 2015ರ ಏಪ್ರಿಲ್ 25ಕ್ಕೆ ಭೂಕಂಪ ಆಯ್ತು, ಭತ್ತದ ನಾಟಿಗೆ ಕೆಲವೇ ವಾರ ಬಾಕಿ ಇತ್ತು, ಮನೇಲಿಟ್ಟಿದ್ದ ಬೀಜ, ಸಲಕರಣೆ ಗೋಡೆ ಕೆಳಗೆ ಹೂತುಹೋಗಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಐದೈದು ಕೆಜಿ ಭತ್ತದ ಬೀಜದ ಚೀಲ ಹಂಚ್ತು, ಗಾಳಿ ಆಡದ ಧಾನ್ಯದ ಚೀಲಗಳನ್ನೂ ಕೊಡ್ತು. ಐದು ಕೆಜಿ ನೋಡೋಕೆ ಸಣ್ಣದು, ಆದ್ರೆ ನಾಟಿ ತಪ್ಪಿದ್ರೆ ಮುಂದಿನ ವರ್ಷದ ತನಕ ಆ ಮನೆಗೆ ಪಡಿ ಹಾಕ್ತಾ ಇರ್ಬೇಕಿತ್ತು. ನಿಮ್ಮ ಕೃಷಿ ಅಧಿಕಾರಿ ಹತ್ರ ಹೋದಾಗ "ಬೀಜ ಕೊಡ್ತೀರಾ" ಅಂತಷ್ಟೇ ಕೇಳ್ಬೇಡಿ, "ಯಾವ ತಾರೀಕಿಗೆ ಕೊಡ್ತೀರಾ, ಯಾವ ತಳಿ" ಅಂತ ಕೇಳಿ, ನಮ್ಮ ಮಣ್ಣಿಗೆ ಒಗ್ಗದ ತಳಿ ಪುಕ್ಕಟೆ ಸಿಕ್ರೂ ಬೇಡ. ಎಷ್ಟೋ ಸಲ ಪಕ್ಕದ ಸಂತೇಲೇ ಒಳ್ಳೇ ಬೀಜ ಇರತ್ತೆ, ರೈತನ ಕೈಲಿ ದುಡ್ಡು ಇರಲ್ಲ, ಅಂಥ ಕಡೆ ಬೀಜದ ಕೂಪನ್ ಕೊಟ್ರೆ ಸಾಕು.

ಸಮುದ್ರದ ನೀರು ನುಗ್ಗಿದ್ದಾದ್ರೆ ಲೆಕ್ಕ ಬೇರೆ, ಉಪ್ಪು ಹೋಗ್ಬೇಕು. 2004ರ ಡಿಸೆಂಬರ್ ಸುನಾಮಿ ಆದಾಗ ಈ ನೆಲ ಇನ್ನು ಎಷ್ಟೋ ವರ್ಷ ಬೆಳೆಯಲ್ಲ ಅಂತ ಜನ ಎದೆಗುಂದಿದ್ರು, ಆದ್ರೆ ನೀರು ಬಸಿದು ಹೋಗೋ ಮಣ್ಣಿದ್ದ ಬಹಳ ಕಡೆ ಒಂದೆರಡು ಮಳೆಗಾಲ ಉಪ್ಪನ್ನ ತೊಳ್ಕೊಂಡು ಹೋಯ್ತು. ಬಸಿಗಾಲುವೆ ಬಿಡ್ಸಿ, ಮಣ್ಣು ಪರೀಕ್ಷೆ ಮಾಡ್ಸಿ, ಆಮೇಲೆ ಬಿತ್ತಿ.

ದನ. ಇದನ್ನ ಮಾರೋದಕ್ಕೆ ಮುಂಚೆ ದಯವಿಟ್ಟು ತಡೀರಿ. ವಿಕೋಪ ಆದ ಮೊದಲ ತಿಂಗಳು ಎಲ್ಲರೂ ಮಾರೋಕೆ ನಿಂತಿರ್ತಾರೆ, ಬೆಲೆ ಪಾತಾಳಕ್ಕೆ ಹೋಗಿರತ್ತೆ, ಆರು ತಿಂಗಳಾದ್ಮೇಲೆ ಅದೇ ದನ ಕೊಳ್ಳೋಕೆ ಹೋದ್ರೆ ತುಂಬಾ ಜಾಸ್ತಿ ಕೇಳ್ತಾರೆ. 2022ರ ಪ್ರವಾಹದಲ್ಲಿ ಪಾಕಿಸ್ತಾನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತಿದಾವೆ, ಅಷ್ಟೂ ಮನೆಗಳಲ್ಲಿ ಹಾಲು, ಗೊಬ್ಬರ, ಉಳುಮೆ, ಕಷ್ಟಕಾಲದ ಗಂಟು ಎಲ್ಲಾ ಒಟ್ಟಿಗೆ ಹೋದಂಗೆ. ಹಾಗಾಗಿ ಮನುಷ್ಯರ ಪಡಿ ಜೊತೆ ಮೇವಿನ ಪಡೀನೂ ಕೇಳಿ, ಲಸಿಕೆ ಹಾಕ್ಸಿ, ನೆನೆದು ಬೂಸಲು ಬಂದ ಹುಲ್ಲು ಹಾಕ್ಬೇಡಿ.

ಮಾರ್ಲೇಬೇಕು ಅನ್ನೋ ಪರಿಸ್ಥಿತಿ ಬಂದ್ರೂ ಒಬ್ಬೊಬ್ಬರೇ ದಲ್ಲಾಳಿ ಕೈಗೆ ಸಿಗ್ಬೇಡಿ. ಇಥಿಯೋಪಿಯಾದ ಮೊಯಾಲೆ ಕಡೆ 2006ರ ಬರದಲ್ಲಿ ಪರಿಹಾರ ಸಂಸ್ಥೆಗಳು ಒಂದು ಒಳ್ಳೇ ಕೆಲಸ ಮಾಡಿದ್ವು, ದನ ಸಾಯೋಕೆ ಮುಂಚೇನೇ ವ್ಯಾಪಾರಿಗಳನ್ನ ಅಲ್ಲಿಗೆ ಕರೆಸಿ, ಅವರಿಗೆ ಸಾಲ ಹೊಂದ್ಸಿ, ಸುಮಾರು 20 ಸಾವಿರ ದನ ಕೊಳ್ಳೋ ಹಾಗೆ ಮಾಡಿದ್ವು. ಆ ದುಡ್ಡಲ್ಲಿ ಜನ ಊಟಕ್ಕೂ ತಗೊಂಡ್ರು, ಉಳಿದ ದನಕ್ಕೆ ಮೇವೂ ತಂದ್ರು. ನಿಮ್ಮ ರೈತ ಸಂಘ ಇದ್ದರೆ ಹೀಗೇನಾದ್ರೂ ಮಾಡೋಕಾಗತ್ತಾ ಕೇಳಿ ನೋಡಿ.

ಪ್ರಶ್ನೆ: ನಮ್ಮ ಹತ್ರ ಈಗ ಹವಾಮಾನ ಮುನ್ಸೂಚನೆ ಚೆನ್ನಾಗಿದೆ. ಎಲ್ಲಾ ಮುಳುಗಿದ್ಮೇಲೆ ಪರಿಹಾರ ಕೊಡೋ ಬದಲು ಮುಂಚೆನೇ ಕೊಡೋಕಾಗಲ್ವಾ? (ಸಾಫ್ಟ್‌ವೇರ್ ಉದ್ಯೋಗಿ)

ಉತ್ತರ: ಆಗತ್ತೆ, ಮಾಡಿ ತೋರಿಸಿದಾರೆ. 2020ರ ಜುಲೈಯಲ್ಲಿ ಬಾಂಗ್ಲಾದೇಶದಲ್ಲಿ ಜಮುನಾ ನದಿ ಏರತ್ತೆ ಅಂತ ಮುನ್ಸೂಚನೆ ಬಂದಾಗ ವಿಶ್ವ ಆಹಾರ ಕಾರ್ಯಕ್ರಮ ದಡದ ಸಾವಿರಾರು ಮನೆಗಳ ಮೊಬೈಲ್ ಖಾತೆಗೆ 4500 ಟಾಕಾ ಹಾಕ್ತು, ನೆರೆ ತುತ್ತತುದಿಗೆ ಹೋಗೋಕೆ ಮುಂಚೇನೇ. ಜನ ಊಟದ ಸಾಮಾನು ಕೊಂಡಿಟ್ಕೊಂಡ್ರು, ದನ ಎತ್ತರಕ್ಕೆ ಸಾಗಿಸಿದ್ರು. ಆಮೇಲೆ ನಡೆದ ಅಧ್ಯಯನದಲ್ಲಿ ದುಡ್ಡು ಸಿಕ್ಕ ಮನೆಗಳು ನೆರೆ ಸಮಯದಲ್ಲಿ ಒಂದಿಡೀ ದಿನ ಉಪವಾಸ ಬೀಳೋ ಸಾಧ್ಯತೆ ಶೇಕಡಾ 36ರಷ್ಟು ಕಡಿಮೆ ಇತ್ತು, ಮೂರು ತಿಂಗಳಾದ್ಮೇಲೂ ಆ ಮನೆಗಳ ಮಕ್ಕಳು, ದೊಡ್ಡೋರು ಬೇರೆಯೋರಿಗಿಂತ ಚೆನ್ನಾಗಿ ತಿಂತಿದ್ರು.

ಇದಕ್ಕೆ ಮಳೆ ಬರೋಕೆ ಮುಂಚೆ ಮೂರು ವಿಷಯ ತಯಾರಾಗಿರ್ಬೇಕು, ಯಾರ್ಯಾರಿಗೆ ಅನ್ನೋ ಪಟ್ಟಿ, ನದಿ ಯಾವ ಮಟ್ಟಕ್ಕೆ ಹೋಗತ್ತೆ ಅಂದ್ರೆ ದುಡ್ಡು ಬಿಡುಗಡೆ ಅನ್ನೋ ನಿಯಮ, ಮತ್ತೆ ಆ ದುಡ್ಡು. ನಿಯಮ ಮುಂಚೆ ಬರೆದಿಟ್ಟಿದ್ರೆ ಆ ದಿನ ಯಾರೂ ಫೈಲ್ ಹಿಡ್ಕೊಂಡು ಸಹಿಗೆ ಅಲೀಬೇಕಾಗಿಲ್ಲ. ಎಚ್ಚರಿಕೆ ಇದ್ದೂ ದುಡ್ಡು ಬರದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ ಸೊಮಾಲಿಯಾ ಸಾಕು. 2010ರಿಂದಾನೇ ಮಳೆ ಕೈ ಕೊಡತ್ತೆ ಅಂತ ಎಚ್ಚರಿಕೆ ಬರ್ತಾ ಇತ್ತು, ಕ್ಷಾಮ ಅಂತ ಘೋಷಣೆ ಆಗಿದ್ದು 2011ರ ಜುಲೈ 20ಕ್ಕೆ, ಒಟ್ಟು ಸುಮಾರು 2.6 ಲಕ್ಷ ಜನ ಸತ್ರು, ಅದರಲ್ಲಿ ಅರ್ಧದಷ್ಟು ಐದು ವರ್ಷದ ಕೆಳಗಿನ ಮಕ್ಕಳು. ಅಲ್ಲಿ ಬರ ಒಂದೇ ಅಲ್ಲ ಯುದ್ಧಾನೂ ಇತ್ತು, ಸಹಾಯ ಒಳಗೆ ಹೋಗೋಕೂ ಬಿಡ್ತಿರ್ಲಿಲ್ಲ, ನಿಜ. ಆದ್ರೂ ಆ ತಿಂಗಳುಗಳನ್ನ ನೆನೆಸ್ಕೊಂಡ್ರೆ ಸಂಕಟ ಆಗತ್ತೆ. ನೀವು ಸಾಫ್ಟ್‌ವೇರಲ್ಲಿ ಇದೀರಿ, ಪಟ್ಟಿ ಸರಿ ಮಾಡೋ ಕೆಲಸಕ್ಕೆ ನಿಮ್ಮಂಥೋರು ಬೇಕು, ಮೊಬೈಲ್ ಇಲ್ಲದ ಮುದುಕಮ್ಮನ ಹೆಸರು ಬಿಟ್ಟುಹೋಗದಂಗೆ.

ಪ್ರಶ್ನೆ: ಮನೇಲಿ ಎಷ್ಟು ದಿನದ ಸಾಮಾನು ಇಟ್ಕೊಂಡಿರ್ಬೇಕು? (ಒಬ್ಬರೇ ವಾಸ ಇರೋ ಹಿರಿಯರು)

ಉತ್ತರ: ಕನಿಷ್ಠ ಮೂರು ದಿನದ್ದು, ಸಾಧ್ಯ ಆದ್ರೆ ಒಂದು ವಾರದ್ದು. ಭೂಕಂಪ ಜಾಸ್ತಿ ಆಗೋ ಜಪಾನಲ್ಲಿ ಸರ್ಕಾರ ಹೇಳೋದೂ ಇದನ್ನೇ. ಅದಕ್ಕೆ ಅಂತ ಬೇರೆ ಪೆಟ್ಟಿಗೆ ಕಟ್ಟಿ ಅಟ್ಟಕ್ಕೆ ಹಾಕ್ಬೇಡಿ, ಮರ್ತು ಹುಳ ಹಿಡಿಯತ್ತೆ. ದಿನಾ ತಿನ್ನೋದನ್ನೇ ಸ್ವಲ್ಪ ಜಾಸ್ತಿ ತಂದಿಟ್ಟು, ಹಳೇದನ್ನ ಮೊದಲು ಖರ್ಚು ಮಾಡಿ, ಖಾಲಿ ಆದಷ್ಟು ತುಂಬಿಸಿ. ಬೇಯಿಸದೇ ತಿನ್ನೋಂಥದ್ದು ಒಂದಷ್ಟು ಇರ್ಲಿ. ನೀರು ದಿನಕ್ಕೆ ನಾಲ್ಕು ಲೀಟರ್. ಮಾತ್ರೆ ಚೀಟಿಯ ಒಂದು ನಕಲು ಪ್ಲಾಸ್ಟಿಕ್ ಕವರಲ್ಲಿ. ಇನ್ನು ದಿನಗೂಲಿ ಮೇಲೆ ಬದುಕೋರಿಗೆ ವಾರದ ಸಾಮಾನು ಇಟ್ಕೊಳ್ಳಿ ಅನ್ನೋದು ಸುಲಭ ಅಲ್ಲ ಅಂತ ಗೊತ್ತು, ಅಂಥ ಕಡೆ ಬೀದಿಗೊಂದು ಸಾಮೂಹಿಕ ದಾಸ್ತಾನು ಇಡೋದು ಪಂಚಾಯ್ತಿ, ಸರ್ಕಾರದ ಜವಾಬ್ದಾರಿ.

ಪ್ರಶ್ನೆ: ಶಿಬಿರ ಮುಚ್ಚಿದ್ರು, ಎಲ್ಲಾ ಮನೆಗೆ ಹೋದ್ರು, ಪೇಪರಲ್ಲೂ ಸುದ್ದಿ ನಿಂತ್ತು. ಇನ್ನು ಸಮಸ್ಯೆ ಇಲ್ಲ ಅಂತ ಅಂದ್ಕೋಬೋದಾ? ಹೇಗೆ ಗೊತ್ತಾಗತ್ತೆ? (ಅಂಗನವಾಡಿ ಕಾರ್ಯಕರ್ತೆ)

ಉತ್ತರ: ಇಲ್ಲ ಮೇಡಂ, ನನಗೆ ಹೆಚ್ಚು ಭಯ ಇರೋದೇ ಈ ಹಂತದ ಬಗ್ಗೆ. ಮೊದಲ ವಾರ ಎಲ್ಲರ ಕಣ್ಣು ಅಲ್ಲಿರತ್ತೆ. ಮೂರು ನಾಲ್ಕು ತಿಂಗಳಾದ್ಮೇಲೆ ಉಳಿತಾಯ ಮುಗಿದಿರತ್ತೆ, ಸಾಲ ಬಡ್ಡಿ ಬೆಳೆದಿರತ್ತೆ, ಹೊಸ ಬೆಳೆ ಇನ್ನೂ ಬಂದಿರಲ್ಲ, ಯಾರೂ ಕೇಳೋರಿರಲ್ಲ. ಹೊಲ ಇಲ್ಲದ ಕೂಲಿಯೋರಿಗೆ ಇನ್ನೂ ಕಷ್ಟ, ಬೆಳೆ ಪರಿಹಾರ ಬರೋದು ಪಹಣಿ ಇರೋರಿಗೆ, ಆ ಹೊಲದಲ್ಲಿ ದುಡೀತಿದ್ದೋರಿಗೆ ಏನೂ ಇಲ್ಲ.

ನೀವು ಮನೆಮನೆಗೆ ಹೋಗೋರು, ನಿಮಗೇ ಮೊದಲು ಗೊತ್ತಾಗೋದು. "ಊಟ ಆಯ್ತಾ" ಅಂದ್ರೆ ಯಾರಾದ್ರೂ ಆಯ್ತು ಅಂತಾನೇ ಅನ್ತಾರೆ, ಮಾನ ಅಡ್ಡ ಬರತ್ತೆ. ಬೇರೆ ಥರ ಕೇಳಿ. ಹೋದ ವಾರ ಎಷ್ಟು ದಿನ ಸಾಲ ತಂದು ಅಡುಗೆ ಮಾಡಿದ್ರಿ, ಎಷ್ಟು ದಿನ ಒಂದು ಹೊತ್ತು ಬಿಟ್ರಿ, ಮಕ್ಕಳಿಗೆ ಇರ್ಲಿ ಅಂತ ದೊಡ್ಡೋರು ಎಷ್ಟು ದಿನ ಕಡಿಮೆ ತಿಂದ್ರಿ, ಬೇಳೆ, ತರಕಾರಿ ಮನೆಗೆ ಬಂದು ಎಷ್ಟು ದಿನ ಆಯ್ತು. ಪಾತ್ರೆ, ಹೊಲಿಗೆ ಯಂತ್ರ, ಸೈಕಲ್ ಇಂಥ ದುಡಿಮೆಯ ವಸ್ತು ಮಾರಿದಾರಾ, ದೊಡ್ಡ ಮಗು ಶಾಲೆ ಬಿಡ್ತಾ, ಇವೆಲ್ಲಾ ಇನ್ನೂ ಕೆಟ್ಟ ಸೂಚನೆ. ಹೆಂಗಸರನ್ನ ಒಂಟಿಯಾಗಿ ಕೇಳಿ, ಮನೇಲಿ ಕೊನೇಲಿ ತಿನ್ನೋರು ಅವರೇ ಆಗಿರ್ತಾರೆ ಬಹಳ ಸಲ.

ಆರು ತಿಂಗಳಿಂದ ಐದು ವರ್ಷದ ಒಳಗಿನ ಮಕ್ಕಳಿಗೆ ತೋಳಿನ ಸುತ್ತಳತೆ ಪಟ್ಟಿ ಪ್ರತಿ ತಿಂಗಳು ಹಾಕಿ. ಎಡ ಭುಜ, ಮೊಣಕೈ ನಡುಮಧ್ಯ, ತೋಳು ಸಡಿಲ ಬಿಟ್ಟಿರ್ಬೇಕು, ಪಟ್ಟಿ ಬಿಗಿ ಎಳೀಬಾರ್ದು. ಹನ್ನೆರಡೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಅಂದ್ರೆ ಗಮನ ಬೇಕು, ಹನ್ನೊಂದೂವರೆಗಿಂತ ಕಡಿಮೆ, ಪಟ್ಟೀಲಿ ಕೆಂಪು ಬಣ್ಣ, ಅಂದ್ರೆ ತೀವ್ರ ಅಪೌಷ್ಟಿಕತೆ, ಅವತ್ತೇ ಆರೋಗ್ಯ ಕೇಂದ್ರಕ್ಕೆ. ಎರಡೂ ಪಾದ ಊದಿದ್ದು, ಹೆಬ್ಬೆರಳಲ್ಲಿ ಮೂರು ಸೆಕೆಂಡ್ ಒತ್ತಿ ತೆಗೆದ್ರೆ ಗುಳಿ ಹಾಗೇ ಉಳಿದ್ರೂ ಅಷ್ಟೇ, ಪಟ್ಟಿ ಏನೇ ಹೇಳ್ಲಿ. ಹಸಿವಾಗ್ತಿರೋ, ಬೇರೆ ತೊಂದ್ರೆ ಇಲ್ಲದ ಮಗುಗೆ ಕಡಲೆಕಾಯಿ ಪೇಸ್ಟ್ ಥರದ ಚಿಕಿತ್ಸಾ ಆಹಾರ ಬರತ್ತೆ, 92 ಗ್ರಾಂ ಪೊಟ್ಟಣದಲ್ಲಿ 500 ಕಿಲೋ ಕ್ಯಾಲರಿ, ನೀರು ಬೆರೆಸೋದು ಬೇಡ, ಮನೇಲೇ ಕೊಡ್ಬೋದು, ಸಿಗತ್ತಾ ಅಂತ ಕೇಂದ್ರದಲ್ಲಿ ಕೇಳಿ. ಏನೂ ತಿನ್ನದ, ಮಂಕಾಗಿರೋ, ಜ್ವರ ಇರೋ ಮಗುನ ಆಸ್ಪತ್ರೆಗೇ ಸೇರಿಸ್ಬೇಕು, ತುಂಬಾ ಸೊರಗಿದ ಮಗುಗೆ ಪ್ರೀತಿಯಿಂದ ಒಂದೇ ಸಲ ಹೊಟ್ಟೆ ತುಂಬಾ ತಿನ್ನಿಸೋದು ಪ್ರಾಣಕ್ಕೇ ಕುತ್ತಾಗ್ಬೋದು. ಭೇದಿ ಇದ್ರೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ, ಆರು ತಿಂಗಳು ಮೇಲ್ಪಟ್ಟೋರಿಗೆ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ, ಭೇದಿ ನಿಂತ್ರೂ ಪೂರ್ತಿ ಮುಗಿಸ್ಬೇಕು, ಆದ್ರೆ ತೀವ್ರ ಸೊರಗಿದ ಮಗುಗೆ ಮಾಮೂಲಿ ಓಆರ್‌ಎಸ್ಸನ್ನ ಡಾಕ್ಟರ್ ಕೇಳದೆ ಕೊಡ್ಬೇಡಿ.

ನೀವು ಬರೆದಿಟ್ಟ ಈ ಲೆಕ್ಕವನ್ನ ತಿಂಗಳಿಗೊಂದ್ಸಲ ಪಂಚಾಯ್ತಿ ಸಭೇಲಿ ಓದಿ, ಹೆಸರು ಹೇಳದೆ ಸಂಖ್ಯೆ ಮಾತ್ರ. ಹೋದ ತಿಂಗಳು ಕೆಂಪು ಪಟ್ಟಿಯ ಮಕ್ಕಳು ಎಷ್ಟು, ಈ ತಿಂಗಳು ಎಷ್ಟು, ಒಂದು ಹೊತ್ತು ಬಿಡೋ ಮನೆಗಳು ಎಷ್ಟು. ಕನಿಷ್ಠ ಮುಂದಿನ ಬೆಳೆ ಮನೆಗೆ ಬರೋವರೆಗೂ ಇದನ್ನ ನಿಲ್ಲಿಸ್ಬೇಡಿ, ಸಂಖ್ಯೆ ಏರಿದ್ರೆ ಪಡಿ ಮತ್ತೆ ಶುರು ಮಾಡಿ ಅಂತ ತಾಲೂಕು ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಹಾಕಿಸ್ಕೊಂಡು ಬನ್ನಿ.